ಐದಕ್ಕೆ ಐದು

ಜೂನ್ ೧೧

ಪಿಸು,

ಅಭಿನಂದನೆ. ಈ ಪದ ಬರೆಯಲು ಪೆನ್ನಿಗೆ ಇಷ್ಟವಿರಲಿಲ್ಲ, ಬಲವಂತವಾಗಿ ಬರೆಸಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನ್ನ ದನಿ ನನಗೆ ಕೇಳಿಸುವುದಿಲ್ಲ, ನನ್ನ ದನಿ ನಿನಗೆ ತಡೆದುಕೊಳ್ಳಲಾಗುವುದಿಲ್ಲ. ಹಾಸ್ಟೆಲಿನವರು ನಿನಗೆ ಪಿಸು ಅಂತಲೂ ನನಗೆ ಮೈಕು ಅಂತಲೂ ಸುಮ್ಮನೆ ಹೆಸರಿಟ್ಟರೇ?

ಇಡೀ ತರಗತಿಯಿಂದ ಒಬ್ಬರನ್ನು ಮಾತ್ರ ದೊಡ್ಡಾಸ್ಪತ್ರೆಯ ಜೆನೆಟಿಕ್ಸ್ ಕ್ಲಿನಿಕ್ಕಿಗೆ ಕಳಿಸುತ್ತಾರೆ ಎಂದಾಗ ಆ ಒಬ್ಬಳು ನಾನೇ ಎಂದು ನಾನೊಬ್ಬಳೇ ಅಂದುಕೊಂಡಿರಲಿಲ್ಲ. ನೀನೂ ಅಂದುಕೊಂಡಿದ್ದೆ. 'ನೀನು ಹೋದ ಮೇಲೆ ಈ ಕೋಣೆಯಲ್ಲಿ ನನ್ನನ್ನು ಎಬ್ಬಿಸುವವರು ಯಾರು' ಎಂದು ಬೇರೆ ಕೇಳಿದ್ದೆ. ಈಗ ನೀನು ಅಲ್ಲಿ, ನಾನು ಊರಾಚೆಯ ಈ ಸಣ್ಣ ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಜನರ ಕೆಮ್ಮು ಕೇಳುತ್ತಾ ಕೂತಿದ್ದೇನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇರಲಿ, ಕೆಮ್ಮಿಗೂ ಒಬ್ಬ ಡಾಕ್ಟರು ಬೇಕಲ್ಲ.

ನನಗೆ ಅರ್ಥವಾಗದ್ದು ಒಂದೇ. ಜೀನೋಮಿಕ್ ಮೆಡಿಸಿನ್ ಕೋರ್ಸು ಶುರುವಾಗುವ ಮೊದಲು ಒಂದು ಪ್ರಶ್ನೆಪತ್ರಿಕೆ ಕೊಟ್ಟರಲ್ಲ, ಪರೀಕ್ಷೆಯಲ್ಲ, ನಮ್ಮ ಮೇಲೆ ನಮಗೆ ಎಷ್ಟು ನಂಬಿಕೆ ಎಂದು ನೋಡಲು. ಜೀನ್ ಪರೀಕ್ಷೆಯ ವರದಿಯನ್ನು ರೋಗಿಗೆ ವಿವರಿಸಬಲ್ಲೆನೇ, ಯಾರಿಗೆ ಯಾವ ಪರೀಕ್ಷೆ ಬೇಕೆಂದು ಹೇಳಬಲ್ಲೆನೇ, ಹೀಗೆ. ಒಂದರಿಂದ ಐದರವರೆಗೆ ನಮಗೆ ನಾವೇ ಅಂಕ ಹಾಕಿಕೊಳ್ಳಬೇಕು. ನಾನು ಎಲ್ಲದಕ್ಕೂ ಐದು ಹಾಕಿದೆ. ನೀನು ಎಲ್ಲದಕ್ಕೂ ಒಂದು ಹಾಕಿ ಅಂಗೈಯಿಂದ ಮುಚ್ಚಿಕೊಂಡೆ. ಇಣುಕಿದ್ದೆ, ಒಪ್ಪುತ್ತೇನೆ. ತನಗೇನೂ ಬರುವುದಿಲ್ಲ ಎಂದು ಬರೆದುಕೊಟ್ಟವಳನ್ನೇ ಕ್ಲಿನಿಕ್ಕಿಗೆ ಆರಿಸಿದರು. ಪ್ರೊಫೆಸರರು ಹೆಸರು ಓದಿ, ತುಂಬಿದ ಕೊಡ ತುಳುಕುವುದಿಲ್ಲ ಅಂದು ನನ್ನ ಬೆಂಚಿನ ಕಡೆ ನೋಡಿದರು. ಹಿಂದಿನ ಸಾಲಿನವರು ನಕ್ಕರು. ನೀನು ತಲೆ ತಗ್ಗಿಸಿದೆ. ನಗಬಾರದು ಎಂದು ತಗ್ಗಿಸಿದೆಯೋ, ನಗು ಬಂದದ್ದಕ್ಕೆ ತಗ್ಗಿಸಿದೆಯೋ, ಇವತ್ತಿನವರೆಗೂ ತಿಳಿಯಲಿಲ್ಲ.

ನಾನು ಐದು ಹಾಕಿದ್ದು ಜಂಬಕ್ಕಲ್ಲ. ಅಕ್ಕನ ವಿಷಯ ಕೇಳು. ಅಮ್ಮನನ್ನು ಕೊಂದದ್ದು ಮೊದಲು ಸ್ತನದಲ್ಲಿ, ಆಮೇಲೆ ಅಂಡಾಶಯದಲ್ಲಿ ಬಂದ ಕ್ಯಾನ್ಸರ್ ಎಂದು ನಿನಗೆ ಗೊತ್ತಿದೆ. ಅದು ತನಗೂ ಬಂದೀತು ಎಂದು ಅಕ್ಕ ಪ್ರತಿ ವರ್ಷ ಸ್ಕ್ಯಾನಿಗೆ ಹೋಗುತ್ತಿದ್ದಳು. ಹೋಗುವ ಮೊದಲು ಊಟ ಬಿಡುವುದು, ಭಾವನ ಮೇಲೆ ರೇಗುವುದು, ತನ್ನ ಕನ್ನಡಕದ ಅಂಗಡಿಯಲ್ಲಿ ಒಬ್ಬರದು ಇನ್ನೊಬ್ಬರಿಗೆ ಕೊಡುವುದು. ಈಗ ಉಗುಳನ್ನು ಟ್ಯೂಬಿನಲ್ಲಿ ಹಾಕಿ ಅಂಚೆಯಲ್ಲಿ ಕಳಿಸುವ ಜೀನ್ ಪರೀಕ್ಷೆ ಬಂದಿದೆಯಲ್ಲ, ಅದನ್ನು ಮಾಡಿಸಿ ವರದಿಯನ್ನು ನನಗೆ ಕಳಿಸಿದಳು. ಓದಿದೆ. ಏನೂ ಕಂಡುಬಂದಿಲ್ಲ ಎಂದು ಸ್ಪಷ್ಟವಾಗಿ ಇತ್ತು. 'ಅಕ್ಕ, ನೀನು ಪಾರಾದೆ, ಇನ್ನು ಆ ಸ್ಕ್ಯಾನಿಗೆ ಓಡಬೇಡ' ಅಂದೆ. ಅತ್ತಳು. ಅಮ್ಮ ಸತ್ತಾಗಲೂ ನನ್ನೆದುರು ಅಳದವಳು. ಹತ್ತು ನಿಮಿಷದ ಕೆಲಸ. ಐದಕ್ಕೆ ಐದು.

ನಿನ್ನ ಕ್ಲಿನಿಕ್ಕಿನ ಕಥೆ ಬರೆ. ಉರಿದುಕೊಂಡಾದರೂ ಓದುತ್ತೇನೆ.

ಇತಿ,
ಮೈಕು


ಜೂನ್ ೨೪

ಪ್ರೀತಿಯ ಮೈಕು,

ನಾನು ನಗಲಿಲ್ಲ. ನಗು ಬಂದಿರಲೂ ಇಲ್ಲ. ನಿನ್ನ ಜಾಗದಲ್ಲಿ ಕೂತಿದ್ದೇನೆ ಎಂದು ನನಗೂ ಅನಿಸುತ್ತದೆ, ಆದರೆ ಎದ್ದು ಕೊಡುವ ಹಾಗಿಲ್ಲವಲ್ಲ.

ಕ್ಲಿನಿಕ್ ಎಂದರೆ ಎರಡು ಕೋಣೆ. ಕಿಟಕಿ ತೆರೆದರೆ ಆಂಬುಲೆನ್ಸ್ ನಿಲ್ಲುವ ಜಾಗ. ಇಲ್ಲಿ ಮುಟ್ಟಿ ನೋಡುವುದು ಕಡಿಮೆ, ಕೇಳುವುದು ಹೆಚ್ಚು. ಅಜ್ಜಿ ಯಾವುದರಿಂದ ಹೋದರು, ಚಿಕ್ಕಪ್ಪನ ಮಕ್ಕಳೆಷ್ಟು, ಹುಟ್ಟಿ ಉಳಿಯದ ಮಗು ಇತ್ತೇ, ಎಲ್ಲ ಕೇಳಿ ಮೂರು ತಲೆಮಾರಿನ ಚಿತ್ರ ಬರೆಯುತ್ತೇವೆ. ಮೊದಲ ದಿನ ಒಬ್ಬರು ತಮ್ಮ ವರದಿ ಮುಂದಿಟ್ಟು ಇದರ ಅರ್ಥವೇನು ಎಂದರು. ಗೊತ್ತಿಲ್ಲ, ಕೇಳಿಕೊಂಡು ಬರುತ್ತೇನೆ ಅಂದೆ. ಬಾಗಿಲು ದಾಟಿ ಪಕ್ಕದ ಕೋಣೆಗೆ ಹೋಗಿ ಕೇಳಿಕೊಂಡು ಬಂದೆ. ದಿನಕ್ಕೆ ನಾಲ್ಕಾರು ಸಲ ಆ ಬಾಗಿಲು ದಾಟುತ್ತೇನೆ. ಇಲ್ಲಿನ ಡಾಕ್ಟರಮ್ಮನಿಗೆ ಬೇಸರವಾಗಿರಬೇಕು.

ಒಂದು ಮಾತು ಕೇಳಬೇಕು, ಸಿಟ್ಟು ಮಾಡಿಕೊಳ್ಳಬೇಡ. ಅಕ್ಕನ ವರದಿಯ ಕೊನೆಯ ಪುಟ ಓದಿದೆಯಾ? ಅಂಚೆಯಲ್ಲಿ ಮಾಡುವ ಅಂಥ ಪರೀಕ್ಷೆಗಳು ಆ ಕ್ಯಾನ್ಸರ್ ತರುವ ಜೀನಿನಲ್ಲಿ ಎರಡು ಮೂರು ಕಡೆ ಮಾತ್ರ ನೋಡುತ್ತವೆ. ದೊಡ್ಡ ಪುಸ್ತಕದಲ್ಲಿ ಮೂರು ಸಾಲು ಓದಿ ತಪ್ಪಿಲ್ಲ ಅಂದ ಹಾಗೆ. ನಿಮ್ಮ ಅಮ್ಮನಲ್ಲಿ ತಪ್ಪು ಯಾವ ಸಾಲಿನಲ್ಲಿತ್ತು ಎಂದು ಯಾರಾದರೂ ನೋಡಿದ್ದರೇ? ಅದು ಗೊತ್ತಿಲ್ಲದೆ ಅಕ್ಕನದು 'ಇಲ್ಲ' ಎಂದು ಬಂದರೆ, ಆ 'ಇಲ್ಲ'ಕ್ಕೆ ಅರ್ಥವಿದೆಯೇ? ನನಗೆ ಖಚಿತವಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಈ ವರ್ಷದ ಸ್ಕ್ಯಾನನ್ನು ಮಾತ್ರ ಬಿಡಿಸಬೇಡ.

ಇತಿ,
ನಿನ್ನ ಪಿಸು


ಜುಲೈ ೩

ಅಕ್ಕ,

ಹೇಗಿದ್ದೀಯ, ಭಾವ ಹೇಗಿದ್ದಾರೆ, ಅಂಗಡಿಯ ಹೊಸ ಮೆಷಿನ್ ಗಾಜು ಒಡೆಯುವುದು ನಿಲ್ಲಿಸಿತೇ? ನಾನು ಚೆನ್ನಾಗಿದ್ದೇನೆ. ಇಲ್ಲಿನ ಜನಕ್ಕೆ ನನ್ನ ಮೇಲೆ ತುಂಬ ನಂಬಿಕೆ. ಒಬ್ಬ ಮುದುಕರು ದೊಡ್ಡ ಡಾಕ್ಟರನ್ನು ಬಿಟ್ಟು ನನ್ನ ಸಾಲಿನಲ್ಲೇ ನಿಲ್ಲುತ್ತಾರೆ.

ನಿನ್ನ ಮುದ್ದಿನ ಪಿಸುವಿನ ಸುದ್ದಿ ಹೇಳಬೇಕು. ಕ್ಲಿನಿಕ್ಕಿಗೆ ಹೋಗಿ ತಿಂಗಳಾಗಿಲ್ಲ, ಆಗಲೇ ಮೊಸರಿನಲ್ಲಿ ಕಲ್ಲು ಹುಡುಕುತ್ತಿದ್ದಾಳೆ. ನಿನ್ನ ವರದಿಯನ್ನು ಅವಳು ಕಣ್ಣಿನಿಂದಲೂ ನೋಡಿಲ್ಲ, ಆದರೂ ಅದು ಸಾಲದು ಅನ್ನುತ್ತಾಳೆ. ಎರಡು ಮೂರು ಕಡೆ ಮಾತ್ರ ನೋಡಿದ್ದಾರಂತೆ, ಅಮ್ಮನದು ಎಲ್ಲಿತ್ತೋ ಯಾರಿಗೆ ಗೊತ್ತಂತೆ. ಓದಿ ನಗು ಬಂತು. ಎಲ್ಲದಕ್ಕೂ ಒಂದು ಅಂಕ ಹಾಕಿಕೊಂಡವಳು ಐದು ಹಾಕಿಕೊಂಡವಳಿಗೆ ಪಾಠ ಹೇಳುವ ಕಾಲ ಬಂತು. ನೀನು ತಲೆ ಕೆಡಿಸಿಕೊಳ್ಳಬೇಡ, ನೀನೂ ನಗಲಿ ಎಂದು ಬರೆದೆ.

ಅವಳಿಗೆ ಉತ್ತರ ಬರೆಯುವುದಿಲ್ಲ. ನಮ್ಮ ಮನೆಗೆ ಬಂದಾಗ ನೀನು ಅವಳ ಮೂಗಿಗೆ ಕನ್ನಡಕ ಕೂರಿಸುತ್ತಾ ಅರ್ಧ ದಿನ ಕಳೆದೆ, ನೆನಪಿದೆಯೇ? ಗಲ್ಲ ಹಿಡಿದು ಮುಖ ಎತ್ತಿ, ಕಿವಿಯ ಹಿಂದೆ ಬೆರಳಿಟ್ಟು, ಒತ್ತುತ್ತಿದೆಯಾ ಮಗು ಎಂದು ಕೇಳುತ್ತಾ. ನನ್ನ ಕಣ್ಣು ಸರಿಯಾಗಿರುವುದೇ ನನ್ನ ತಪ್ಪಾಯಿತು ಎಂದು ಆವತ್ತು ಅನಿಸಿತ್ತು. ತಮಾಷೆಗೆ ಹೇಳುತ್ತಿದ್ದೇನೆ.

ಬೇಗ ಕಾಗದ ಬರೆ.

ನಿನ್ನ,
ಪುಟ್ಟಿ


ಸೆಪ್ಟೆಂಬರ್ ೧೮

ಪುಟ್ಟಿ,

ಇಷ್ಟು ದಿನ ಬರೆಯಲಿಲ್ಲ ಎಂದು ನಿನಗೆ ಸಿಟ್ಟು ಬಂದಿರುತ್ತದೆ. ಏನು ಬರೆಯಬೇಕೆಂದು ತೋಚಲಿಲ್ಲ.

ನಗಲಿ ಎಂದು ನೀನು ಬರೆದ ಕಾಗದ ಓದಿ ನನಗೆ ನಗು ಬರಲಿಲ್ಲ. ವರದಿಯ ಕೊನೆಯ ಪುಟ ತೆಗೆದು ಓದಿದೆ. ಅಂಗಡಿಯ ಭೂತಗನ್ನಡಿ ಹಿಡಿದೇ ಓದಬೇಕಾಯಿತು, ಅಕ್ಷರ ಅಷ್ಟು ಸಣ್ಣದು. ನಿನ್ನ ಗೆಳತಿ ಹೇಳಿದ್ದೇ ಅಲ್ಲಿ ಇತ್ತು. ನಿನಗೆ ಹೇಳದೆ ದೊಡ್ಡಾಸ್ಪತ್ರೆಗೆ ಹೋದೆ. ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ನೀನು ಬೇಡ ಅಂದರೆ ನಾನು ಹೋಗುತ್ತಿರಲಿಲ್ಲ. ನಿನ್ನ ಮಾತು ನನ್ನ ಮೇಲೆ ಹಾಗೆ ನಡೆಯುತ್ತದೆ.

ಅಲ್ಲಿ ಅವಳೇ ಇದ್ದಳು. ಗುರುತಿನವಳು ನಾನು, ಬೇಕಾದರೆ ಬೇರೆಯವರು ನೋಡುತ್ತಾರೆ ಎಂದಳು. ನೀನೇ ಇರು ಅಂದೆ. ನನಗೂ ಅಮ್ಮನದೇ ಬರುತ್ತದೆಯಾ ಎಂದು ಕೇಳಿದೆ. 'ಗೊತ್ತಿಲ್ಲ ಅಕ್ಕ' ಅಂದಳು. 'ಆದ್ರೆ ಗೊತ್ತು ಮಾಡ್ಕೊಳ್ಳೋಕೆ ದಾರಿ ಇದೆ. ಅಲ್ಲೀವರೆಗೂ ನಾನು ಜೊತೆಗಿರ್ತೀನಿ.' ಯಾಕೋ ಆ ಮಾತಿಗೆ ನನ್ನ ಎದೆ ಹಗುರಾಯಿತು. ನೀನು ಪಾರಾದೆ ಅಂದಾಗ ಅತ್ತಿದ್ದೆ, ನಿಜ. ಆದರೆ ಆಮೇಲೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇದನ್ನು ನಿನಗೆ ಹೇಳಿರಲಿಲ್ಲ.

ಅಮ್ಮನಿಗೆ ಆಪರೇಷನ್ ಆದದ್ದು ಅದೇ ಆಸ್ಪತ್ರೆಯಲ್ಲಿ. ಆಗ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಅಚ್ಚು ಹಾಕಿ ಇಟ್ಟಿರುತ್ತಾರಂತೆ, ನಾನು ಕೇಳಿಯೇ ಇರಲಿಲ್ಲ. ನಾನು ಸಹಿ ಹಾಕಿಕೊಟ್ಟ ಮೇಲೆ ನಿನ್ನ ಗೆಳತಿ ನೆಲಮಾಳಿಗೆಗೆ ಇಳಿದು, ಹಳೆಯ ಡ್ರಾಯರುಗಳಲ್ಲಿ ಹುಡುಕಿ ತಂದಳು. ನನಗೂ ತೋರಿಸಿದಳು. ಬೆರಳಿನ ಉಗುರಿನಷ್ಟು. ಅದರಿಂದ ಅಮ್ಮನ ತಪ್ಪು ಎಲ್ಲಿತ್ತು ಎಂದು ನೋಡುತ್ತಾರೆ, ಆಮೇಲೆ ನನ್ನ ರಕ್ತದಲ್ಲಿ ಅದೇ ಜಾಗ ನೋಡುತ್ತಾರೆ. ಸ್ಕ್ಯಾನಿಗೂ ಬರೆದುಕೊಟ್ಟಿದ್ದಾರೆ.

ನೀನು ಬೇಜಾರು ಮಾಡಿಕೊಳ್ಳಬೇಡ. ವೇಳೆಗೆ ಸರಿಯಾಗಿ ಊಟ ಮಾಡು.

ಅಕ್ಕ


ಸೆಪ್ಟೆಂಬರ್ ೨೨

ಪಿಸು,

ಹಿತ್ತಲ ಗಿಡ ಮದ್ದಲ್ಲ ಎಂದು ಕೇಳಿದ್ದೆ. ಅದು ನಾನೇ ಎಂದು ಗೊತ್ತಿರಲಿಲ್ಲ.

ನೀನು ಮೊದಲು ನನ್ನ ಕ್ಲಿನಿಕ್ ತೆಗೆದುಕೊಂಡೆ. ಆಮೇಲೆ ನನ್ನ ಅಕ್ಕನನ್ನು ತೆಗೆದುಕೊಂಡೆ. ಈಗ ಅಮ್ಮನನ್ನೂ ನೆಲಮಾಳಿಗೆಯಿಂದ ಎತ್ತಿಕೊಂಡು ಹೋದೆ. ಅಮ್ಮ ಹೋದಾಗ ನಾನು ಎರಡನೆಯ ತರಗತಿಯಲ್ಲಿದ್ದೆ. ನನ್ನ ಹತ್ತಿರ ಅಮ್ಮನದು ಏನೂ ಇಲ್ಲ. ಮುಖ ಅಕ್ಕನಿಗೆ ಹೋಯಿತು, ಗುಂಗುರು ಕೂದಲು ಅಕ್ಕನಿಗೆ ಹೋಯಿತು, ಅಮ್ಮನ ಜೊತೆಗಿನ ಹೆಚ್ಚಿನ ಹನ್ನೆರಡು ವರ್ಷವೂ ಅಕ್ಕನಿಗೇ ಹೋಯಿತು. ನಾವು ಪಾಠಕ್ಕೆ ಹೋಗುತ್ತಿದ್ದ ಆ ದೊಡ್ಡಾಸ್ಪತ್ರೆಯಲ್ಲಿ, ನಾನು ನಾಲ್ಕು ವರ್ಷ ಓಡಾಡಿದ ಕಟ್ಟಡದ ಕೆಳಗೆ ಅಮ್ಮನ ಒಂದು ಚೂರು ಇತ್ತು. ನನಗೆ ಅದು ಹೊಳೆಯಲಿಲ್ಲ. ನಿನಗೆ ಹೊಳೆಯಿತು. ಅದನ್ನು ಟ್ರೇಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದವಳು ನೀನು. ಇದನ್ನು ಬರೆಯುತ್ತಿರುವುದು ಸಿಟ್ಟಿಗಲ್ಲ. ಹೊಟ್ಟೆಕಿಚ್ಚಿಗೆ. ಬೇರೆ ಹೆಸರಿಟ್ಟರೆ ಸುಳ್ಳಾಗುತ್ತದೆ.

'ಗೊತ್ತಿಲ್ಲ' ಎಂದು ಹೇಳಿ ನೀನು ಎಲ್ಲರನ್ನೂ ಗೆಲ್ಲುತ್ತೀಯ. ನಾನು ಹೇಳಿದ್ದರೆ ಡಾಕ್ಟರಿಗೆ ಓದು ಬರುವುದಿಲ್ಲ ಅನ್ನುತ್ತಿದ್ದರು. ನೀನು ಹೇಳಿದರೆ ಎದೆ ಹಗುರಾಗುತ್ತದಂತೆ.

ನಿನ್ನೆ ನಮ್ಮ ಜೀನೋಮಿಕ್ ಮೆಡಿಸಿನ್ ಕೋರ್ಸು ಮುಗಿಯಿತು. ಅದೇ ಪ್ರಶ್ನೆಪತ್ರಿಕೆ ಮತ್ತೆ ಕೊಟ್ಟರು, ಕಲಿತ ಮೇಲೆ ನಂಬಿಕೆ ಎಷ್ಟು ಹೆಚ್ಚಿತು ಎಂದು ನೋಡಲು. ಅಕ್ಕನ ಕಾಗದ ಜೇಬಿನಲ್ಲೇ ಇತ್ತು. ವರದಿಯನ್ನು ರೋಗಿಗೆ ವಿವರಿಸಬಲ್ಲೆನೇ ಎಂಬಲ್ಲಿ ಪೆನ್ನು ನಿಂತಿತು. ಈ ಸಲ ನೀನು ಅಲ್ಲಿ ಎರಡು ಹಾಕಿರುತ್ತೀಯ ಅನಿಸಿತು. ಮತ್ತೆ ಐದೇ ಹಾಕಿದೆ. ಹಟಕ್ಕೆ.

ಅಕ್ಕನ ಫಲಿತಾಂಶ ಬಂದಿದೆಯಾ? ಅದನ್ನು ಮಾತ್ರ ಬರೆ. ಬೇರೆ ಏನೂ ಬರೆಯಬೇಡ.

ಮೈಕು


ಅಕ್ಟೋಬರ್ ೫

ಮೈಕು,

ಅಕ್ಕನ ಫಲಿತಾಂಶ ಬಂದಿದೆಯೇ ಇಲ್ಲವೇ ಎನ್ನುವುದನ್ನೂ ನಾನು ಹೇಳುವ ಹಾಗಿಲ್ಲ. ಅದು ಅವರದು. ನೀನು ತಂಗಿಯಾದರೂ ಅಷ್ಟೇ, ಡಾಕ್ಟರಾದರೂ ಅಷ್ಟೇ. ಇದು ನಿನಗೂ ಗೊತ್ತು.

ಬೇರೆ ಏನೂ ಬರೆಯಬೇಡ ಅಂದಿದ್ದೀಯ, ಆದರೂ ಬರೆಯುತ್ತೇನೆ. ನಾನು ಒಂದು ಹಾಕಿದ್ದು ವಿನಯಕ್ಕೆ ಎಂದುಕೊಂಡಿದ್ದೀಯ. ವಿನಯವಲ್ಲ, ಹೆದರಿಕೆ. ಕ್ಲಿನಿಕ್ಕಿನಲ್ಲಿ ಒಬ್ಬ ತಾಯಿಗೆ ಉತ್ತರ ಗೊತ್ತಿದ್ದೂ ಗೊತ್ತಿಲ್ಲ ಅಂದೆ. ಹೇಳುವ ಧೈರ್ಯ ಬರಲಿಲ್ಲ. ಆಕೆ ಇನ್ನೂ ಒಂದು ವಾರ ಕಾಯಬೇಕಾಯಿತು. ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ಬೈದರು. ನಿನ್ನ ಐದು ಎಷ್ಟು ತಪ್ಪೋ ನನ್ನ ಒಂದೂ ಅಷ್ಟೇ ತಪ್ಪು. ನನ್ನ ತಪ್ಪಿಗೆ ಜನ ಒಳ್ಳೆಯ ಹುಡುಗಿ ಅನ್ನುತ್ತಾರೆ, ನಿನ್ನ ತಪ್ಪಿಗೆ ಜಂಬದ ಕೋಳಿ ಅನ್ನುತ್ತಾರೆ, ವ್ಯತ್ಯಾಸ ಇಷ್ಟೇ.

ಮೇಣದ ಅಚ್ಚನ್ನು ತರುವಾಗ ನಿನ್ನ ನೆನಪಾಗಿತ್ತು. ನಿನ್ನನ್ನು ಕರೆಯಬೇಕಿತ್ತು ಎಂದು ಈಗ ಅನಿಸುತ್ತಿದೆ. ಅಕ್ಕ ಬೇಡ ಅಂದರು. ಅವರನ್ನು ಕೇಳು.

ನೀನೂ ಒಂದು ದಿನ ರಕ್ತ ಕೊಡಬೇಕಾಗಬಹುದು. ನಾನು ಎದುರಿಗಿರುವುದು ಬೇಡವಾದರೆ ಹೇಳು, ಆ ದಿನ ಬೇರೆ ಕೋಣೆಯಲ್ಲಿರುತ್ತೇನೆ.

ಪಿಸು


ನವೆಂಬರ್ ೯

ಪುಟ್ಟಿ,

ಅಮ್ಮನ ತಪ್ಪು ಎಲ್ಲಿತ್ತು ಎಂದು ಸಿಕ್ಕಿತು. ಅದೇ ಜಾಗದಲ್ಲಿ ನನ್ನದೂ ಇದೆ. ಆ ಉಗುಳಿನ ಪರೀಕ್ಷೆ ನೋಡಿದ ಜಾಗ ಅದಲ್ಲ.

ಸ್ಕ್ಯಾನಿನಲ್ಲಿ ಎದೆಯ ಎಡಗಡೆ ಒಂದು ಸಣ್ಣ ಗಂಟು ಕಂಡಿದೆ. ಚಿಕ್ಕದು ಅನ್ನುತ್ತಾರೆ. ನೀನೂ ಹೋಗಿ ರಕ್ತ ಕೊಡು. ತಡ ಮಾಡಬೇಡ.

ಅಕ್ಕ


ಡಿಸೆಂಬರ್ ೧

ಅಕ್ಕ,

ಈ ಕಾಗದವನ್ನು ಎಷ್ಟೋ ಸಲ ಶುರು ಮಾಡಿ ಹರಿದೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಲಾರೆ ಎಂದು ಬರೆಯುತ್ತಿದ್ದೇನೆ.

ರಕ್ತ ಕೊಟ್ಟು ಬಂದೆ. ಪಿಸು ಬೇರೆ ಕೋಣೆಗೆ ಹೋಗಲು ಎದ್ದಳು, ಇರು ಅಂದೆ. ಅವಳು ನನ್ನ ಎದುರು ಕೂತು ಅಮ್ಮ, ನೀನು, ನಾನು ಎಂದು ಒಂದೊಂದು ವೃತ್ತ ಹಾಕಿ ಚಿತ್ರ ಬರೆದಳು. ಅಮ್ಮನಲ್ಲಿ ತಪ್ಪು ಇತ್ತೆಂದು ಅವಳ ವೃತ್ತಕ್ಕೆ ಕಪ್ಪು ತುಂಬಿದಳು. ನಿನ್ನದಕ್ಕೂ ತುಂಬಿದಳು. ನನ್ನದನ್ನು ಖಾಲಿ ಬಿಟ್ಟಳು. ಅದನ್ನು ನೋಡುತ್ತಾ ನಾನು ಏನು ಅಂದುಕೊಂಡೆ ಗೊತ್ತೇ? ಅದೂ ಕಪ್ಪಾಗಲಿ ಎಂದುಕೊಂಡೆ. ನಿಮ್ಮಿಬ್ಬರದೂ ಒಂದೇ ಥರ, ನನ್ನದೊಂದೇ ಬೇರೆ. ಡಾಕ್ಟರ್ ಆಗುವವಳಿಗೆ ಇಂಥ ಯೋಚನೆ ಬರಬಾರದು. ಬಂತು.

ನಿನ್ನೆ ಫಲಿತಾಂಶ ಹೇಳಿದರು. ನನಗೆ ಇಲ್ಲ. ಈ ಸಲ ಇಲ್ಲ ಎಂದರೆ ನಿಜವಾಗಿಯೂ ಇಲ್ಲ, ಎಲ್ಲಿ ನೋಡಬೇಕು ಎಂದು ಅಮ್ಮ ತೋರಿಸಿಕೊಟ್ಟಿದ್ದಾಳಲ್ಲ.

ನಿನ್ನ ಸ್ಕ್ಯಾನನ್ನು ಬಿಡಿಸಿದವಳು ನಾನು. ಪಿಸುವಿನ ಮೇಲಿನ ಉರಿಯಲ್ಲಿ ಆ ಕಾಗದ ಬರೆಯದಿದ್ದರೆ ನಿನಗೆ ಇದು ಗೊತ್ತೇ ಆಗುತ್ತಿರಲಿಲ್ಲ, ಅದೂ ನಿಜ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾ ಕೂರುತ್ತೇನೆ, ಒಂದು ಇನ್ನೊಂದನ್ನು ತೊಳೆಯುವುದಿಲ್ಲ.

ಗಂಟು ತೆಗೆಯುವ ಆಪರೇಷನ್ ಯಾವತ್ತು ಎಂದು ಭಾವನಿಂದ ತಿಳಿಯಿತು. ನಾನು ಬರಲೇ? ಪಿಸು ಅಲ್ಲೇ ಇರುತ್ತಾಳೆ. ನಿನಗೆ ಅವಳಿದ್ದರೆ ಸಾಕು ಎಂದಾದರೆ ಹಾಗೆಯೇ ಬರೆ, ನಾನು ಕೋಪಿಸಿಕೊಳ್ಳುವುದಿಲ್ಲ. ಕೋಪಿಸಿಕೊಂಡರೂ ಹೇಳುವುದಿಲ್ಲ.

ಪುಟ್ಟಿ


ಡಿಸೆಂಬರ್ ೧೦

ಪುಟ್ಟಿ,

ನಿನ್ನ ಕಾಗದ ಅಂಗಡಿಗೆ ಬಂತು. ಗಿರಾಕಿಯೊಬ್ಬರನ್ನು ಕೂರಿಸಿಕೊಂಡೇ ಓದಿದೆ. 'ನನಗೆ ಇಲ್ಲ' ಎಂಬ ನಿನ್ನ ಸಾಲಿಗೆ ಬಂದಾಗ ಕಾಗದ ಮಡಿಸಿ ಗಾಜು ಉಜ್ಜಲು ಕೂತೆ. ಗಾಜು ಹಾಳಾಯಿತು. ಇನ್ನೊಂದು ತೆಗೆದುಕೊಂಡೆ, ಅದೂ ಹಾಳಾಯಿತು. ನಾಳೆ ಬನ್ನಿ ಎಂದು ಅವರನ್ನು ಕಳಿಸಿದೆ.

ಸಂತೋಷವಾಯಿತು ಎಂದು ಬರೆಯಬೇಕು. ಅಮ್ಮನಾಗಿದ್ದರೆ ಹಾಗೆ ಬರೆಯುತ್ತಿದ್ದಳು. ನಾನು ನಿನ್ನ ಅಮ್ಮನ ಹಾಗೆ ಇದ್ದೆ ಅಷ್ಟೇ, ಅಮ್ಮನಲ್ಲ. ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ನಿನಗೆ ಜಡೆ ಹಾಕಿದವಳು ನಾನು, ಜ್ವರ ಬಂದಾಗ ಎತ್ತಿಕೊಂಡು ಓಡಿದವಳು ನಾನು, ನಿನ್ನ ಫೀಸಿಗೆ ಅಂತ ನನ್ನ ಓದು ನಿಲ್ಲಿಸಿದವಳು ನಾನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ನಿನಗೆ ಇಲ್ಲ, ನನಗೆ ಇದೆ. ಯಾಕೆ ಎಂದು ಕೇಳಿದರೆ ನಿಮ್ಮ ಪುಸ್ತಕದಲ್ಲಿ ಉತ್ತರ ಇಲ್ಲವಂತೆ, ನಾಣ್ಯ ಚಿಮ್ಮಿದ ಹಾಗೆ ಅಂತೆ. ನಿನ್ನ ಗೆಳತಿ ಹೇಳಿದಳು. ಆ ನಾಣ್ಯದ ಮೇಲೂ ಸಿಟ್ಟು ಬಂತು.

ಆ ವರದಿ ಓದಿ ನೀನು ಅಂದ ಮಾತಿನ ಮೇಲೂ ಸಿಟ್ಟಿದೆ. ಸಿಟ್ಟಿಲ್ಲ ಅಂದರೆ ಸುಳ್ಳೆಂದು ನಿನಗೆ ಗೊತ್ತಾಗುತ್ತದೆ, ಅದಕ್ಕೇ ಬರೆದೆ.

ಆಪರೇಷನ್ ದಿನ ಬರಬೇಡ ಎಂದು ನಿನ್ನ ಗೆಳತಿಗೆ ಹೇಳಿದ್ದೇನೆ. ಅವಳು ಒಳ್ಳೆಯವಳು, ಆದರೆ ನನ್ನನ್ನು ಒಳಗೆ ಕರೆದುಕೊಂಡು ಹೋಗುವಾಗ ಹೊರಗೆ ನಿಲ್ಲಬೇಕಾದವಳು ಅವಳಲ್ಲ. ಭಾವ ನಿಲ್ಲಲಾರರು, ರಕ್ತ ನೋಡಿದರೆ ಕೂತುಬಿಡುತ್ತಾರೆ, ನಿನಗೆ ಗೊತ್ತು.

ಈ ಕಿಚ್ಚು ಇನ್ನೂ ಹೋಗಿಲ್ಲ. ಯಾವಾಗ ಹೋಗುತ್ತದೋ, ಹೋಗುತ್ತದೋ ಇಲ್ಲವೋ. ಹೋಗುವವರೆಗೂ ಕಾಯಬೇಡ. ಸೋಮವಾರ ಬೆಳಗ್ಗೆ ಬಾ.

ನಿನ್ನ,
ಅಕ್ಕ